ವಾಷಿಂಗ್ಟನ್ನನ ದಿನಚರಿಯಲ್ಲಿ ಭಂಗಿಯ ಬೆಳೆ: ಒಂದು ನಮೂದಿನ ಅರ್ಥವಿಚಾರ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನು, ಆ ಪದವಿಗೆ ಬರುವುದಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಮೊದಲು, ವರ್ಜೀನಿಯಾದ ಒಬ್ಬ ಜಮೀನುದಾರನಾಗಿ ತನ್ನ ಬೇಸಾಯದ ಕೆಲಸಗಳನ್ನು ದಿನಚರಿಯಲ್ಲಿ ಸಂಕ್ಷೇಪವಾಗಿ ಗುರುತಿಸಿಡುತ್ತಿದ್ದನು. ೧೭೬೫ನೆಯ ಇಸವಿಯ ಆಗಸ್ಟ್ ೭ರ ನಮೂದಿನಲ್ಲಿ, ಗಂಡು ಭಂಗಿಯನ್ನು ಹೆಣ್ಣು ಭಂಗಿಯಿಂದ ಬೇರ್ಪಡಿಸುವ ಕೆಲಸ ಮೊದಲಾಯಿತೆಂದೂ ಅದು ತುಸು ತಡವಾಯಿತೆಂದೂ ಅವನು ಬರೆದಿದ್ದಾನೆ. ಇಷ್ಟೇ ಆ ನಮೂದು. ಅದರಲ್ಲಿ ಕಾರಣದ ಮಾತಿಲ್ಲ, ಉದ್ದೇಶದ ಮಾತಿಲ್ಲ.

ಈ ಒಂದು ಸಾಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಅದರ ಗಾತ್ರಕ್ಕೆ ಮೀರಿದ ಪ್ರಸಿದ್ಧಿಯನ್ನು ಪಡೆದಿದೆ. ಮಾದಕವಾದ ಗಾಂಜಾವನ್ನು ಪಡೆಯಬೇಕಾದರೆ ಗಂಡುಗಿಡಗಳನ್ನು ಹೊಲದಿಂದ ತೆಗೆದುಹಾಕಬೇಕೆಂಬುದು ಪ್ರಸಿದ್ಧವಾದ ವಿಷಯ. ವಾಷಿಂಗ್ಟನ್ನನೂ ಗಂಡುಗಿಡಗಳನ್ನು ಬೇರ್ಪಡಿಸಿದನು; ಆದುದರಿಂದ ಅವನು ಗಾಂಜಾಕ್ಕಾಗಿಯೇ ಬೆಳೆ ತೆಗೆದಿರಬೇಕು ಎಂದು ಹಲವು ಜನಪ್ರಿಯ ಬರಹಗಳು ಊಹಿಸಿವೆ. ಈ ಊಹೆಯು ಮೇಲ್ನೋಟಕ್ಕೆ ಯುಕ್ತವಾಗಿ ಕಾಣುತ್ತದೆ. ಆದರೆ ಒಂದು ಕೆಲಸವನ್ನು ಕಂಡೊಡನೆ ಅದರ ಉದ್ದೇಶವನ್ನೂ ಕಂಡೆವೆಂದು ತಿಳಿಯುವುದು ಚರಿತ್ರೆಯ ಅಧ್ಯಯನದಲ್ಲಿ ಬಹುಬೇಗ ಆಗುವ ತಪ್ಪು. ಒಂದೇ ಗಿಡವನ್ನು, ಒಂದೇ ಬಗೆಯ ಕೈಕೆಲಸದಿಂದ, ಬೇರೆ ಬೇರೆ ಪ್ರಯೋಜನಗಳಿಗಾಗಿ ಬೆಳೆದಿರಬಹುದು. ಈ ನಮೂದನ್ನು ಅದರ ಕಾಲದ ಬೇಸಾಯಕ್ರಮದ ನಡುವೆ ಇಟ್ಟು ಪರಿಶೀಲಿಸಿ, ಅದರ ನಿಜವಾದ ಅರ್ಥವೇನೆಂಬುದನ್ನು ನಿರ್ಧರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ವಿಷಯಕ್ಕೆ ತೊಡಗುವ ಮುನ್ನ ಹೆಸರುಗಳ ಬಗ್ಗೆ ಒಂದು ಮಾತನ್ನು ಹೇಳುವುದು ಅವಶ್ಯ. ೧೭೫೩ರಲ್ಲಿ ಲಿನೀಯಸನು ‘ಕ್ಯಾನಬಿಸ್ ಸಟೈವ’ ಎಂದು ಹೆಸರಿಸಿದ ಗಿಡವನ್ನು ನಾವಿಲ್ಲಿ ‘ಭಂಗಿ’ ಎಂದು ಕರೆಯುತ್ತೇವೆ. ಇಂಗ್ಲಿಷಿನ ‘ಹೆಂಪ್’ ಎಂಬ ಮಾತಿಗೆ ನಮ್ಮ ನಿಘಂಟುಗಳಲ್ಲಿ ‘ಸೆಣಬು’ ಎಂಬ ಅರ್ಥ ಬರೆಯುವುದು ವಾಡಿಕೆ. ಆದರೆ ನಮ್ಮ ರೈತರು ಹಸುರುಗೊಬ್ಬರಕ್ಕಾಗಿಯೂ ನಾರಿಗಾಗಿಯೂ ಬಿತ್ತುವ ಸೆಣಬು ಬೇರೆಯ ಗಿಡ. ಅದು ಹುರುಳಿ, ತೊಗರಿಗಳ ಕುಲಕ್ಕೆ ಸೇರಿದುದು. ಬಂಗಾಳದಿಂದ ಗೋಣಿಚೀಲಕ್ಕೆ ಬರುವ ಸೆಣಬು ಮತ್ತೊಂದು ಗಿಡ. ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಪುಂಡಿಯಾದರೋ ದಾಸವಾಳದ ಬಳಗದ್ದು. ಅದರ ಎಲೆ ಭಂಗಿಯ ಎಲೆಯನ್ನು ಹೋಲುವುದರಿಂದ ಶಾಸ್ತ್ರೀಯ ನಾಮದಲ್ಲಿ ‘ಕ್ಯಾನಬಿನಸ್’ ಎಂಬ ವಿಶೇಷಣವನ್ನು ಪಡೆದಿದೆ. ಇಂಗ್ಲಿಷ್ ವರ್ತಕರ ಬಾಯಲ್ಲಿ ಅದೇ ‘ದಖ್ಖಣದ ಹೆಂಪ್’ ಆಯಿತು. ಹೀಗೆ ನಾರು ಕೊಡುವ ಗಿಡಗಳೆಲ್ಲ ಒಂದೇ ಹೆಸರನ್ನು ಹಂಚಿಕೊಂಡಿರುವುದರಿಂದ, ಹಳೆಯ ದಾಖಲೆಗಳಲ್ಲಿ ಹೆಸರನ್ನು ಮಾತ್ರ ನಂಬಿ ಗಿಡವನ್ನು ಗುರುತಿಸುವುದು ಅಪಾಯಕರ. ಈ ಮಾತು ಮುಂದೆ ನಮಗೆ ಮತ್ತೆ ಉಪಯೋಗಕ್ಕೆ ಬರುತ್ತದೆ.

೩

ವಾಷಿಂಗ್ಟನ್ನನು ೧೭೫೪ರಲ್ಲಿ ಪೊಟೊಮ್ಯಾಕ್ ನದಿಯ ದಡದ ಮೌಂಟ್ ವರ್ನನ್ ಜಮೀನನ್ನು ಗೇಣಿಗೆ ಪಡೆದು, ೧೭೬೧ರಲ್ಲಿ ಅದರ ಪೂರ್ಣ ಒಡೆಯನಾದನು. ಆ ಕಾಲದ ವರ್ಜೀನಿಯಾದಲ್ಲಿ ದೊಡ್ಡ ಜಮೀನುದಾರನೆಂದರೆ ಹೊಗೆಸೊಪ್ಪಿನ ಬೆಳೆಗಾರನೆಂದೇ ಅರ್ಥ. ಬೆಳೆಗಾರನು ಹೊಗೆಸೊಪ್ಪನ್ನು ಲಂಡನ್ನಿನ ಮಂಡಿಗೆ ಕಳುಹಿಸುತ್ತಿದ್ದನು. ಮಂಡಿಯವರು ಅದನ್ನು ಮಾರಿ, ಬಂದ ಹಣಕ್ಕೆ ಬಟ್ಟೆಬರೆ, ಪೀಠೋಪಕರಣ ಮೊದಲಾದ ಸರಕುಗಳನ್ನು ಕಳುಹಿಸಿ, ಉಳಿದ ಬಾಕಿಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಬೆಲೆ ಇಳಿದ ವರ್ಷಗಳಲ್ಲಿ ಈ ಬಾಕಿ ಸಾಲವಾಗಿ ಬೆಳೆಯುತ್ತಿತ್ತು. ರಾಬರ್ಟ್ ಕೇರಿ ಎಂಬುವನ ಲಂಡನ್ ಮಂಡಿಯೊಡನೆ ವಾಷಿಂಗ್ಟನ್ನನು ನಡೆಸಿದ ಪತ್ರವ್ಯವಹಾರದಲ್ಲಿ ಈ ಸಂಕಟ ಸ್ಪಷ್ಟವಾಗಿ ಕಾಣುತ್ತದೆ. ಪೊಟೊಮ್ಯಾಕ್ ದಡದ ಮಣ್ಣು ಉತ್ತಮ ದರ್ಜೆಯ ಹೊಗೆಸೊಪ್ಪನ್ನು ಕೊಡಲಾರದೆಂಬುದು ಅವನಿಗೆ ಕ್ರಮವಾಗಿ ಮನವರಿಕೆಯಾಗುತ್ತಿತ್ತು. ೧೭೬೦ರ ದಶಕದ ನಡುವೆ ಅವನು ಬೇರೊಂದು ಬೆಳೆಯನ್ನು ಅರಸುತ್ತಿದ್ದುದು ಹೀಗೆ.

ಅದೇ ಹೊತ್ತಿಗೆ ಬ್ರಿಟನ್ನಿನ ಸರಕಾರಕ್ಕೂ ಒಂದು ಚಿಂತೆಯಿತ್ತು. ಹಾಯಿಹಡಗುಗಳ ಕಾಲದಲ್ಲಿ ಹಗ್ಗ, ಹುರಿ, ಹಾಯಿಬಟ್ಟೆಗಳೇ ನೌಕಾಬಲದ ನರಗಳು; ಅವಕ್ಕೆಲ್ಲ ಭಂಗಿಯ ನಾರೇ ಆಧಾರ. ಆ ನಾರು ಬಹುಮಟ್ಟಿಗೆ ಬಾಲ್ಟಿಕ್ ಸಮುದ್ರದ ರೇವುಗಳ ಮೂಲಕ ರಷ್ಯದಿಂದ ಬರುತ್ತಿತ್ತು. ಪರರಾಜ್ಯವೊಂದನ್ನು ಅವಲಂಬಿಸುವುದಕ್ಕಿಂತ ತನ್ನ ವಸಾಹತುಗಳಲ್ಲಿಯೇ ಅದನ್ನು ಬೆಳೆಸುವುದು ಮೇಲೆಂಬ ಯೋಚನೆ ಹೊಸದಲ್ಲ. ೧೬೧೯ರಲ್ಲಿ ಸೇರಿದ ವರ್ಜೀನಿಯಾದ ಮೊಟ್ಟಮೊದಲ ಶಾಸನಸಭೆಯೇ, ಬೀಜವುಳ್ಳ ಮನೆಯವರೆಲ್ಲರೂ ಮುಂದಿನ ಋತುವಿನಲ್ಲಿ ಭಂಗಿಯನ್ನು ಬಿತ್ತಿ ನೋಡಬೇಕೆಂದು ವಿಧಿಸಿತ್ತು. ಆದರೆ ಹೊಗೆಸೊಪ್ಪಿನ ಲಾಭದ ಮುಂದೆ ಅಂಥ ಕಟ್ಟಳೆಗಳು ನಿಲ್ಲಲಿಲ್ಲ. ೧೭೬೪ರಲ್ಲಿ ಪಾರ್ಲಿಮೆಂಟು ಆಜ್ಞೆಯ ಬದಲು ಹಣವನ್ನು ಮುಂದೊಡ್ಡಿತು. ಅಮೆರಿಕದ ವಸಾಹತುಗಳಿಂದ ಬ್ರಿಟನ್ನಿಗೆ ಬರುವ ಭಂಗಿ ನಾರಿಗೂ ಅಗಸೆ ನಾರಿಗೂ ಮೊದಲ ಏಳು ವರ್ಷ ಟನ್ನಿಗೆ ೮ ಪೌಂಡ್, ಅನಂತರದ ಏಳು ವರ್ಷ ೬ ಪೌಂಡ್, ಕೊನೆಯ ಏಳು ವರ್ಷ ೪ ಪೌಂಡ್ ಪ್ರೋತ್ಸಾಹಧನವೆಂದು ಗೊತ್ತುಪಡಿಸಲಾಯಿತು. ಮರುವರ್ಷವೇ, ಎಂದರೆ ೧೭೬೫ರಲ್ಲಿ, ಎಡ್ಮಂಡ್ ಕ್ವಿನ್ಸಿ ಎಂಬುವನು ಭಂಗಿಯ ಬೇಸಾಯವನ್ನು ಕುರಿತು ಬರೆದ ಗ್ರಂಥವೊಂದು ಬಾಸ್ಟನ್ನಿನಲ್ಲಿ ಅಚ್ಚಾಯಿತು. ಈ ಬೆಳೆಗೆ ಮೊದಲ ಸಲ ಕೈಹಾಕುತ್ತಿದ್ದ ಜನ ಆಗ ಒಬ್ಬಿಬ್ಬರಲ್ಲವೆಂಬುದಕ್ಕೆ ಇದು ಒಂದು ಸೂಚನೆ.

೪

ಈ ಹಿನ್ನೆಲೆಯಲ್ಲಿ ೧೭೬೫ರ ದಿನಚರಿಯನ್ನು ಓದಬೇಕು. ಮೇ ೧೨ ಮತ್ತು ೧೩ರಂದು ‘ಮಡ್ಡಿ ಹೋಲ್’ ಎಂಬ ಹೊಲದಲ್ಲಿ, ಜೌಗಿನ ಬದಿಯಲ್ಲಿ, ಭಂಗಿಯನ್ನು ಬಿತ್ತಿದ ಸಂಗತಿ ಬರುತ್ತದೆ. ತೇವ ನಿಲ್ಲುವ, ಮೆಕ್ಕಲು ಸೇರಿದ ತಗ್ಗುನೆಲವನ್ನು ಆರಿಸಿಕೊಂಡುದು ಗಮನಾರ್ಹ. ನಾರಿನ ಭಂಗಿಗೆ ಅಂಥ ನೆಲವೇ ಒಳ್ಳೆಯದೆಂಬುದು ಐರೋಪ್ಯ ಬೇಸಾಯಗಾರರ ಹಳೆಯ ನಂಬಿಕೆ. ಬಿತ್ತಿದ ಸುಮಾರು ಹನ್ನೆರಡು ವಾರಗಳಿಗೆ ಮೇಲೆ ಉಲ್ಲೇಖಿಸಿದ ಆಗಸ್ಟ್ ೭ರ ನಮೂದು ಬರುತ್ತದೆ. ಅದೇ ತಿಂಗಳಿನಲ್ಲಿ, ಕಿತ್ತ ಭಂಗಿಯನ್ನು ಕೊಳೆಯುವುದಕ್ಕಾಗಿ ನೀರಿಗೆ ಹಾಕಿಸಿದ ಸಂಗತಿಯೂ ಕಾಣುತ್ತದೆ. ಅನಂತರದ ಮತ್ತೊಂದು ಆಗಸ್ಟ್ ನಮೂದಿನಲ್ಲಿ, ‘ಹೂವಿನ ಭಂಗಿ’ಯನ್ನು ಕೀಳುವುದು ಮೂರು ವಾರಗಳಿಂದ ಒಂದು ತಿಂಗಳಿನವರೆಗೆ ತಡವಾಯಿತೆಂಬ ಟಿಪ್ಪಣಿಯಿದೆ.

ಇವುಗಳಿಗೆಲ್ಲ ಕೀಲಿಕೈಯಂತಿರುವುದು ಅದೇ ವರ್ಷದ ಸೆಪ್ಟೆಂಬರ್ ೨೦ರಂದು ವಾಷಿಂಗ್ಟನ್ನನು ಕೇರಿಯ ಮಂಡಿಗೆ ಬರೆದ ಕಾಗದ. ಪಾರ್ಲಿಮೆಂಟಿನ ಕಾಯಿದೆಗೆ ಅನುಸಾರವಾಗಿ ನೀರಿನಲ್ಲಿ ಕೊಳೆಸಿ ಹದಮಾಡಿದ ಭಂಗಿ ನಾರಿಗೆ ಲಂಡನ್ನಿನಲ್ಲಿ ಎಷ್ಟು ಬೆಲೆ ಸಿಕ್ಕೀತು, ಟನ್ನೊಂದಕ್ಕೆ ಹಡಗಿನ ಬಾಡಿಗೆಯೂ ಇತರ ವೆಚ್ಚಗಳೂ ಎಷ್ಟಾದಾವು ಎಂದು ಅದರಲ್ಲಿ ಅವನು ವಿಚಾರಿಸುತ್ತಾನೆ. ತಾನು ಆ ವರ್ಷ ಭಂಗಿ, ಅಗಸೆಗಳೆರಡನ್ನೂ ಪ್ರಯೋಗಕ್ಕಾಗಿ ಬೆಳೆದುದಾಗಿಯೂ, ಅನಾವೃಷ್ಟಿಯಿಂದಲೂ ಈ ಕೆಲಸದಲ್ಲಿ ತನಗೆ ಅನುಭವವಿಲ್ಲದುದರಿಂದಲೂ ಸಾಕಷ್ಟು ನಷ್ಟವಾದುದಾಗಿಯೂ, ಆದರೂ ಧೈರ್ಯಗೆಡದೆ ಮುಂದುವರಿಸುವ ಮನಸ್ಸಿರುವುದಾಗಿಯೂ ಅಲ್ಲಿ ತಿಳಿಸಿದ್ದಾನೆ.

ಈ ಕಾಗದದಿಂದ ಎರಡು ಅಂಶಗಳು ಖಚಿತವಾಗುತ್ತವೆ. ಮೊದಲನೆಯದಾಗಿ, ೧೭೬೫ರ ಬೆಳೆ ಅವನ ಪ್ರಥಮ ಪ್ರಯತ್ನ. ‘ತುಸು ತಡವಾಯಿತು’ ಎಂಬ ದಿನಚರಿಯ ಮಾತು ಹೊಸಬನೊಬ್ಬನು ಮುಂದಿನ ವರ್ಷದ ಉಪಯೋಗಕ್ಕಾಗಿ ತನಗೆ ತಾನೇ ಬರೆದುಕೊಂಡ ಎಚ್ಚರಿಕೆ. ಎರಡನೆಯದಾಗಿ, ಆ ಬೆಳೆಯಿಂದ ಅವನು ನಿರೀಕ್ಷಿಸಿದುದು ಟನ್ನುಗಳ ಲೆಕ್ಕದಲ್ಲಿ ಹಡಗೇರುವ ಸರಕನ್ನು. ಕಾಯಿದೆಯು ವಿಧಿಸಿದ ಷರತ್ತು ನೀರಿನಲ್ಲಿ ಕೊಳೆಸಿರಬೇಕೆಂಬುದು. ದಿನಚರಿಯಲ್ಲಿ ಕಾಣುವ ಕೆಲಸವೂ ನೀರಿನಲ್ಲಿ ಕೊಳೆಸುವುದೇ. ಕಾಯಿದೆ, ಕಾಗದ, ದಿನಚರಿ ಈ ಮೂರೂ ಒಂದೇ ಕಡೆಗೆ ಬೆರಳು ತೋರಿಸುತ್ತವೆ.

೫

ಹಾಗಾದರೆ ನಾರಿನ ಬೆಳೆಯಲ್ಲಿ ಗಂಡುಹೆಣ್ಣುಗಳನ್ನು ಬೇರ್ಪಡಿಸುವ ಅವಶ್ಯಕತೆ ಏನು? ಈ ಪ್ರಶ್ನೆಗೆ ಉತ್ತರವು ಗಿಡದ ಸ್ವಭಾವದಲ್ಲಿಯೇ ಇದೆ. ಭಂಗಿಯಲ್ಲಿ ಸಾಮಾನ್ಯವಾಗಿ ಗಂಡುಹೂವು ಒಂದು ಗಿಡದಲ್ಲಿ, ಹೆಣ್ಣುಹೂವು ಇನ್ನೊಂದು ಗಿಡದಲ್ಲಿ. ಗಂಡುಗಿಡ ಮೊದಲು ಬಲಿತು, ಪರಾಗವನ್ನು ಚೆಲ್ಲಿ, ಹಳದಿಗೆ ತಿರುಗಿ ಒಣಗಿಹೋಗುತ್ತದೆ. ಹೆಣ್ಣುಗಿಡವಾದರೋ ಬೀಜ ಬಲಿಯುವವರೆಗೆ, ಎಂದರೆ ಮತ್ತೂ ನಾಲ್ಕಾರು ವಾರ, ಹಸುರಾಗಿ ನಿಂತಿರುತ್ತದೆ. ಗಂಡುಗಿಡದ ನಾರು ಹೆಚ್ಚು ನಯವಾದುದು. ಆದರೆ ಪರಾಗ ಚೆಲ್ಲಿದ ಕೂಡಲೇ ಕಿತ್ತರೆ ಮಾತ್ರ ಆ ಗುಣ ಉಳಿಯುತ್ತದೆ. ತಡಮಾಡಿದರೆ ಕಾಂಡ ಒಣಗಿ ನಾರು ಬಿರುಸಾಗುತ್ತದೆ. ಆದುದರಿಂದ ಯೂರೋಪಿನ ಎಚ್ಚರದ ಬೇಸಾಯಗಾರರು ಎರಡು ಕೊಯ್ಲುಗಳನ್ನು ಮಾಡುತ್ತಿದ್ದರು: ಬೇಸಗೆಯಲ್ಲಿ ಹೊಲದೊಳಗೆ ನಡೆದು ಗಂಡುಗಿಡಗಳನ್ನು ಒಂದೊಂದಾಗಿ ಆರಿಸಿ ಬೇರುಸಹಿತ ಕೀಳುವುದು, ಶರತ್ಕಾಲದಲ್ಲಿ ಹೆಣ್ಣುಗಿಡಗಳನ್ನು ಬೀಜಕ್ಕಾಗಿಯೂ ಒರಟು ನಾರಿಗಾಗಿಯೂ ತೆಗೆಯುವುದು. ಮೊದಲನೆಯದಕ್ಕೆ ‘ಹೂವಿನ ಭಂಗಿ’ ಎಂದೂ ಎರಡನೆಯದಕ್ಕೆ ‘ಬೀಜದ ಭಂಗಿ’ ಎಂದೂ ಹೆಸರಿದ್ದುವು. ವಾಷಿಂಗ್ಟನ್ನನ ನಮೂದಿನಲ್ಲಿ ಬರುವ ‘ಹೂವಿನ ಭಂಗಿ’ ಎಂಬ ಮಾತು ಈ ಪರಿಭಾಷೆಗೆ ಸೇರಿದುದೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳಬೇಕು. ಇಂಗ್ಲೆಂಡಿನ ಹಳ್ಳಿಗರು ಮೊದಲು ಕೀಳುವ ನಯವಾದ ಗಿಡವನ್ನು ‘ಫಿಂಬಲ್’ ಎಂದೂ, ಕೊನೆಯವರೆಗೆ ನಿಲ್ಲುವ ದೃಢವಾದ ಗಿಡವನ್ನು ‘ಕಾರ್ಲ್’ ಎಂದೂ ಕರೆಯುತ್ತಿದ್ದರು. ‘ಫಿಂಬಲ್’ ಎಂಬುದು ಹೆಣ್ಣೆಂಬ ಅರ್ಥದ ಶಬ್ದದಿಂದ ಬಂದುದು. ‘ಕಾರ್ಲ್’ ಎಂದರೆ ಗಂಡಸು. ಎಂದರೆ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಗಂಡಾದುದಕ್ಕೆ ಹೆಣ್ಣಿನ ಹೆಸರು, ಹೆಣ್ಣಾದುದಕ್ಕೆ ಗಂಡಿನ ಹೆಸರು! ಮೃದುವಾದುದು ಹೆಣ್ಣು, ಗಟ್ಟಿಯಾದುದು ಗಂಡು ಎಂಬ ಲೋಕರೂಢಿಯ ಭಾವನೆಯೇ ಈ ವಿಪರ್ಯಾಸಕ್ಕೆ ಕಾರಣವಿರಬೇಕು. ಸಸ್ಯಗಳಿಗೂ ಲಿಂಗಭೇದವುಂಟೆಂಬ ವಿಷಯವನ್ನು ಜರ್ಮನಿಯ ಕಮೇರಾರಿಯಸನು ಪ್ರಯೋಗಗಳಿಂದ ಪ್ರತಿಪಾದಿಸಿದುದು ೧೬೯೪ರಲ್ಲಿ. ಅವನು ಪರೀಕ್ಷಿಸಿದ ಗಿಡಗಳಲ್ಲಿ ಭಂಗಿಯೂ ಒಂದು. ಲಿನೀಯಸನೂ ೧೭೬೦ರ ತನ್ನ ಪ್ರಬಂಧದಲ್ಲಿ ಇದೇ ಗಿಡದ ಪ್ರಯೋಗವನ್ನು ವರ್ಣಿಸಿದ್ದಾನೆ. ವಿದ್ವಾಂಸರು ಸಾಧಿಸುವುದಕ್ಕೆ ಎಷ್ಟೋ ಮೊದಲೇ ಬೇಸಾಯಗಾರರು ಎರಡು ಬಗೆಯ ಗಿಡಗಳನ್ನು ಗುರುತಿಸಿ, ಎರಡನ್ನೂ ಬೇರೆ ಬೇರೆ ಕಾಲಕ್ಕೆ ಕೊಯ್ಯುತ್ತಿದ್ದರು. ಅವರ ತಿಳಿವಳಿಕೆ ನೆಲೆಸಿದ್ದುದು ಹೆಸರಿನಲ್ಲಲ್ಲ, ಕೈಯಲ್ಲಿ.

೬

ಈಗ ಎದುರುಪಕ್ಷವನ್ನು ನ್ಯಾಯವಾಗಿ ಪರೀಕ್ಷಿಸಬೇಕಾದರೆ, ಗಾಂಜಾಕ್ಕಾಗಿ ಗಂಡುಗಿಡಗಳನ್ನು ತೆಗೆಯುತ್ತಿದ್ದ ಪ್ರದೇಶವೊಂದರ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇದಕ್ಕೆ ಉತ್ತಮವಾದ ನಿದರ್ಶನವು ನಮ್ಮ ದೇಶದ ಚರಿತ್ರೆಯಲ್ಲಿಯೇ ಸಿಕ್ಕುತ್ತದೆ. ಬ್ರಿಟಿಷರ ಕಾಲದ ಬಂಗಾಳದಲ್ಲಿ ಗಾಂಜಾ ಬೆಳೆಯಲು ಅನುಮತಿಯಿದ್ದ ‘ಗಾಂಜಾ ಮಹಲ್’ ಎಂಬ ಪ್ರದೇಶವು ರಾಜಶಾಹಿ, ದಿನಾಜಪುರ, ಬೋಗ್ರಾ ಜಿಲ್ಲೆಗಳು ಕೂಡುವೆಡೆಯಲ್ಲಿತ್ತು. ಅದರ ಕೇಂದ್ರವಾದ ನವಗಾಂವ್ ಈಗ ಬಾಂಗ್ಲಾದೇಶಕ್ಕೆ ಸೇರಿದೆ. ಹೇಮಚಂದ್ರ ಕರ್ ೧೮೭೭ರಲ್ಲಿಯೂ ಸಸ್ಯಶಾಸ್ತ್ರಜ್ಞ ಡೇವಿಡ್ ಪ್ರೇನ್ ೧೮೯೩ರಲ್ಲಿಯೂ ಈ ಬೇಸಾಯವನ್ನು ಕುರಿತು ವರದಿಗಳನ್ನು ಸಲ್ಲಿಸಿದರು. ಮ್ಯಾಕ್‌ವರ್ತ್ ಯಂಗನ ಅಧ್ಯಕ್ಷತೆಯಲ್ಲಿ ೧೮೯೩-೯೪ರಲ್ಲಿ ನಡೆದ ಭಾರತೀಯ ಗಾಂಜಾ ವಿಚಾರಣಾ ಆಯೋಗವು ೧,೧೯೩ ಸಾಕ್ಷಿಗಳನ್ನು ವಿಚಾರಿಸಿ, ತನ್ನ ವಿಸ್ತಾರವಾದ ವರದಿಯಲ್ಲಿ ಬೇಸಾಯದ ವಿವರಗಳನ್ನೂ ಸೇರಿಸಿತು.

ಆ ವರದಿಗಳಿಂದ ತಿಳಿದುಬರುವ ಕ್ರಮ ಹೀಗಿದೆ. ಆಗಸ್ಟ್ ತಿಂಗಳಿನಲ್ಲಿ ಎತ್ತರವಾದ, ನೀರು ಬಸಿದುಹೋಗುವ ನೆಲದಲ್ಲಿ ಒಟ್ಟಲು ಹಾಕುತ್ತಿದ್ದರು. ಸೆಪ್ಟೆಂಬರಿನಲ್ಲಿ ಸಸಿಗಳನ್ನು ಕಿತ್ತು, ದಿಂಡುಗಳ ಮೇಲೆ ಅಂತರವಿಟ್ಟು ನಾಟಿಮಾಡುತ್ತಿದ್ದರು. ಗಿಡ ಪೊದೆಯಾಗಿ ಕವಲೊಡೆಯಲೆಂಬುದು ಅಲ್ಲಿಯ ಆಶಯ. ನವೆಂಬರಿನಲ್ಲಿ, ಹೂವು ಅರಳುವುದಕ್ಕೆ ಮೊದಲೇ, ಪರೀಕ್ಷಕನೊಬ್ಬನು ಹೊಲದ ಸಾಲುಸಾಲನ್ನೂ ನಡೆದು ಗಂಡುಗಿಡಗಳನ್ನು ಗುರುತಿಸಿ ತೆಗೆಸುತ್ತಿದ್ದನು. ಇವನಿಗೆ ‘ಪೋದ್ದಾರ’ ಅಥವಾ ‘ಪರಖದಾರ’ ಎಂದು ಹೆಸರು. ಇಂಗ್ಲಿಷ್ ಅಧಿಕಾರಿಗಳು ಇವನನ್ನು ‘ಗಾಂಜಾ ವೈದ್ಯ’ನೆಂದರು. ನಾಣ್ಯದ ಸಾಚಾತನವನ್ನು ನೋಡುವವನಿಗೆ ಸಲ್ಲುತ್ತಿದ್ದ ಹೆಸರೇ ಗಿಡವನ್ನು ಪರಿಶೀಲಿಸುವವನಿಗೂ ಬಂದಿರುವುದು ಸ್ವಾರಸ್ಯಕರ. ಉತ್ತರ ಕರ್ನಾಟಕದಲ್ಲಿ ಪೋತದಾರ, ಪೋದ್ದಾರ ಎಂಬ ಮನೆತನದ ಹೆಸರುಗಳು ಈಗಲೂ ಉಳಿದಿರುವುದನ್ನು ನಮ್ಮ ಓದುಗರು ಬಲ್ಲರು. ಗಂಡುಗಿಡಗಳ ಪರಾಗ ಹೆಣ್ಣುಹೂವಿಗೆ ತಾಗಿದರೆ ತೆನೆಯಲ್ಲಿ ಬೀಜ ಕಟ್ಟಿ, ಮಾದಕವಾದ ರಾಳದ ಬೆಳೆ ಕೆಡುತ್ತದೆ. ಕೆಲವೇ ಗಂಡುಗಿಡಗಳು ಉಳಿದರೂ ಸುತ್ತಲಿನ ಬೆಳೆಗೆ ಹಾನಿ. ಹೀಗೆ ಕಾಪಾಡಿದ ಹೆಣ್ಣುಗಿಡಗಳನ್ನು ಫೆಬ್ರವರಿಯಿಂದೀಚೆಗೆ ಕೊಯ್ದು, ತೆನೆಗಳನ್ನು ಒಣಗಿಸಿ ತುಳಿದು ಹದಗೊಳಿಸಿ, ಸರಕಾರದ ಉಗ್ರಾಣಕ್ಕೆ ಸಾಗಿಸುತ್ತಿದ್ದರು. ಕಾಂಡದ ನಾರಿನ ಗೊಡವೆಯೇ ಅಲ್ಲಿರಲಿಲ್ಲ.

೭

ಎರಡು ಕ್ರಮಗಳನ್ನೂ ಒತ್ತಟ್ಟಿಗಿಟ್ಟು ನೋಡಿದಾಗ ಸಾಮ್ಯವೆಷ್ಟು, ಭೇದವೆಷ್ಟು ಎಂಬುದು ಸ್ಪಷ್ಟವಾಗುತ್ತದೆ. ಗಂಡುಗಿಡಗಳನ್ನು ಗುರುತಿಸಿ ಬೇರ್ಪಡಿಸುವ ಕೆಲಸ ಎರಡರಲ್ಲಿಯೂ ಉಂಟು. ಉಳಿದುದೆಲ್ಲ ಭಿನ್ನ.

ಮೊದಲು ಕಾಲವನ್ನು ನೋಡೋಣ. ನವಗಾಂವದಲ್ಲಿ ಗಂಡುಗಿಡವನ್ನು ತೆಗೆಯುತ್ತಿದ್ದುದು ಹೂವು ಅರಳುವ ಮುನ್ನ. ಯೂರೋಪಿನ ನಾರಿನ ಬೆಳೆಯಲ್ಲಿ ತೆಗೆಯುತ್ತಿದ್ದುದು ಹೂವು ಅರಳಿ ಪರಾಗ ಉದುರಿದ ಬಳಿಕ. ವಾಷಿಂಗ್ಟನ್ನನು ‘ಹೂವಿನ ಭಂಗಿ’ಯ ವಿಷಯದಲ್ಲಿ ಮೂರು ವಾರಗಳಿಂದ ಒಂದು ತಿಂಗಳು ತಡವಾಯಿತೆಂದು ಬರೆಯುತ್ತಾನೆ. ಗಾಂಜಾವೇ ಅವನ ಉದ್ದೇಶವಾಗಿದ್ದಲ್ಲಿ, ಅಷ್ಟು ತಡವಾದ ಮೇಲೆ ಬೇರ್ಪಡಿಸುವ ಕೆಲಸಕ್ಕೆ ಅರ್ಥವೇ ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ಹೊಲವೆಲ್ಲ ಬೀಜ ಕಟ್ಟಿರುತ್ತಿತ್ತು. ನಾರಿನ ಬೆಳೆಯಲ್ಲಿಯಾದರೋ ತಡದಿಂದ ನಾರಿನ ಗುಣ ಕುಗ್ಗುತ್ತದೆಯೇ ಹೊರತು ಬೆಳೆ ವ್ಯರ್ಥವಾಗುವುದಿಲ್ಲ. ತಡವಾಯಿತೆಂದು ಹೇಳಿಯೂ ಕೆಲಸವನ್ನು ಮುಂದುವರಿಸಿದುದು ಇದಕ್ಕೆ ಹೊಂದುತ್ತದೆ.

ಎರಡನೆಯದು, ತೆಗೆದ ಗಿಡದ ಗತಿ. ಗಾಂಜಾದ ಹೊಲದಲ್ಲಿ ಗಂಡುಗಿಡ ಎಸೆಯಬೇಕಾದ ಕಸ. ನಾರಿನ ಹೊಲದಲ್ಲಿ ಅದೇ ಉತ್ತಮ ಫಸಲು. ದಿನಚರಿಯ ಪ್ರಕಾರ ಬೇರ್ಪಡಿಸುವ ಕೆಲಸ ಮೊದಲಾದ ಆಗಸ್ಟ್ ತಿಂಗಳಿನಲ್ಲಿಯೇ ಭಂಗಿ ನೀರಿಗೆ ಬೀಳುತ್ತದೆ. ಮೂರನೆಯದು ಬೀಜ. ನಾರಿನ ಬೇಸಾಯಗಾರನಿಗೆ ಮುಂದಿನ ವರ್ಷದ ಬಿತ್ತನೆಗೆ ಬೀಜ ಬೇಕು. ಆದುದರಿಂದ ಹೆಣ್ಣುಹೂವಿಗೆ ಪರಾಗ ತಾಗುವುದು ಅವನಿಗೆ ಇಷ್ಟವೇ. ನಾಲ್ಕನೆಯದು ನೆಲ ಮತ್ತು ಬಿತ್ತನೆ. ಒಂದೆಡೆ ಜೌಗಿನ ಬದಿಯ ತಗ್ಗುನೆಲದಲ್ಲಿ ನೇರವಾದ ಬಿತ್ತನೆ. ಇನ್ನೊಂದೆಡೆ ನೀರು ಬಸಿಯುವ ದಿಂಡಿನ ಮೇಲೆ ಅಂತರವಿಟ್ಟ ನಾಟಿ. ಇವೆಲ್ಲಕ್ಕೂ ಮೇಲಾಗಿ, ಭಾರತೀಯ ಭಂಗಿಯ ಔಷಧಗುಣಗಳು ಪಾಶ್ಚಾತ್ಯ ವೈದ್ಯರ ಗಮನವನ್ನು ವಿಶೇಷವಾಗಿ ಸೆಳೆದುದು, ಕಲ್ಕತ್ತೆಯಲ್ಲಿದ್ದ ಓ’ಶಾಘ್ನೆಸಿ ಎಂಬ ವೈದ್ಯನು ೧೮೩೯ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ. ಅದು ವಾಷಿಂಗ್ಟನ್ನನು ತೀರಿಕೊಂಡ ನಲವತ್ತು ವರ್ಷಗಳ ಅನಂತರದ ಮಾತು.

ಎದುರುಪಕ್ಷದವರು ಮತ್ತೊಂದು ಆಧಾರವನ್ನು ಮುಂದೊಡ್ಡುವುದುಂಟು. ೧೭೯೪ರಲ್ಲಿಯೂ ೧೭೯೬ರಲ್ಲಿಯೂ ವಾಷಿಂಗ್ಟನ್ನನು ತನ್ನ ಜಮೀನಿನ ಮೇಲ್ವಿಚಾರಕ ವಿಲಿಯಂ ಪಿಯರ್ಸನಿಗೆ ಬರೆದ ಕಾಗದಗಳಲ್ಲಿ, ‘ಇಂಡಿಯಾ ಹೆಂಪ್’ನ ಬೀಜವನ್ನು ಜೋಪಾನಮಾಡಿ ಮರಳಿ ಬಿತ್ತಬೇಕೆಂದೂ, ಅದು ಸಾಮಾನ್ಯ ಭಂಗಿಗಿಂತ ಹೆಚ್ಚು ಬೆಲೆಯುಳ್ಳದ್ದೆಂದೂ ಹೇಳಿದ್ದಾನೆ. ಹೆಸರಿನಲ್ಲಿ ‘ಇಂಡಿಯಾ’ ಇರುವುದರಿಂದ ಇದು ನಮ್ಮ ಗಾಂಜಾ ಗಿಡವೇ ಎಂದು ವಾದ. ಲೇಖನದ ಆರಂಭದಲ್ಲಿ ಹೆಸರುಗಳ ಬಗ್ಗೆ ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು. ೧೬೧೯ರ ವರ್ಜೀನಿಯಾ ಸಭೆಯೂ ಇಂಗ್ಲಿಷ್ ಮತ್ತು ‘ಇಂಡಿಯನ್’ ಎಂಬ ಎರಡು ಬಗೆಯ ಹೆಂಪುಗಳನ್ನು ಹೆಸರಿಸಿತ್ತು. ಅಲ್ಲಿ ‘ಇಂಡಿಯನ್’ ಎಂದರೆ ಅಮೆರಿಕದ ಮೂಲನಿವಾಸಿಗಳು ಹುರಿ ಹೊಸೆಯುತ್ತಿದ್ದ ಆ ನೆಲದ ಗಿಡ. ಭರತಖಂಡದ ಕಡೆಯಿಂದ ಬಂದ ಗಿಡವೆಂದು ಒಪ್ಪಿದರೂ, ಆ ಕಾಲದ ಇಂಗ್ಲಿಷರ ಭಾಷೆಯಲ್ಲಿ ನಮ್ಮ ಸೆಣಬೂ ‘ಹೆಂಪ್’, ಪುಂಡಿಯೂ ‘ಹೆಂಪ್’. ಅದು ಭಂಗಿಯೇ ಆಗಿದ್ದರೂ, ಅವನು ಅದನ್ನು ಸಾಮಾನ್ಯ ಭಂಗಿಯೊಡನೆ ತೂಗಿನೋಡಿ ಇತರರಿಗೂ ಬೀಜ ಹಂಚಬೇಕೆಂದು ಬಯಸಿದುದು ಹೊಸ ಬೆಳೆಗಳಲ್ಲಿ ಆಸಕ್ತನಾದ ಬೇಸಾಯಗಾರನ ಮಾತಾಗಿದೆಯೇ ಹೊರತು ಬೇರೊಂದು ಉದ್ದೇಶಕ್ಕೆ ಸಾಕ್ಷಿಯಾಗದು. ಹೆಸರು ಒಂದರಿಂದಲೇ ಗಿಡವೂ ಸಿದ್ಧಿಸುವುದಿಲ್ಲ, ಗಿಡ ಒಂದರಿಂದಲೇ ಉದ್ದೇಶವೂ ಸಿದ್ಧಿಸುವುದಿಲ್ಲ.

೮

ಇಷ್ಟರಿಂದ ನಮೂದಿನ ಉದ್ದೇಶ ನಿಶ್ಚಿತವಾಯಿತು. ಆದರೆ ಅದೇ ಸಾಲಿನಲ್ಲಿ ಇನ್ನೊಂದು ವಿಷಯ ಅಡಗಿದೆ. ನಮ್ಮ ದೃಷ್ಟಿಯಲ್ಲಿ ಅದು ಇದಕ್ಕಿಂತಲೂ ಮುಖ್ಯವಾದುದು. ಬೇರ್ಪಡಿಸಲು ತೊಡಗಿದವರು ಯಾರು? ಕರ್ತೃಪದವನ್ನು ಬಿಟ್ಟು ಬರೆಯುವುದು ಆ ದಿನಚರಿಯ ಶೈಲಿ. ವಾಷಿಂಗ್ಟನ್ನನೇ ಸೊಂಟ ಬಗ್ಗಿಸಿ ಗಿಡಗಳನ್ನು ಕಿತ್ತನೆಂಬ ಭಾವನೆ ಓದುಗರಿಗೆ ಅರಿವಿಲ್ಲದೆಯೇ ಬರುತ್ತದೆ. ಮೌಂಟ್ ವರ್ನನ್ನಿನ ಹೊಲಗಳಲ್ಲಿ ಉತ್ತವರೂ ಬಿತ್ತಿದವರೂ ಕಿತ್ತವರೂ ದಾಸ್ಯದಲ್ಲಿದ್ದ ಆಫ್ರಿಕ ಮೂಲದ ಸ್ತ್ರೀಪುರುಷರು. ೧೭೯೯ರಲ್ಲಿ ವಾಷಿಂಗ್ಟನ್ನನು ತೀರಿಕೊಂಡ ವರ್ಷ ಆ ಜಮೀನಿನಲ್ಲಿ ಇಂಥವರು ೩೧೭ ಮಂದಿ ಇದ್ದರೆಂದು ಅವನೇ ಮಾಡಿಸಿದ ಪಟ್ಟಿಯಿಂದ ತಿಳಿಯುತ್ತದೆ.

ಒತ್ತಾಗಿ ಬೆಳೆದ, ಆಳೆತ್ತರವನ್ನು ಮೀರಿದ ಭಂಗಿಯ ನಡುವೆ ಗಂಡನ್ನು ಹೆಣ್ಣಿನಿಂದ ಗುರುತಿಸಿ, ಪಕ್ಕದ ಗಿಡಕ್ಕೆ ನೋವಾಗದಂತೆ ಕೀಳುವುದು ಸುಲಭದ ಕೆಲಸವಲ್ಲ. ಮುಂಗಾಣದೆ ಕಿತ್ತರೆ ಬೀಜದ ಗಿಡ ನಷ್ಟ. ಅನುಮಾನಿಸಿ ಬಿಟ್ಟರೆ ನಾರು ನಷ್ಟ. ಬೇಸಗೆಯ ಆ ವಾರಗಳಲ್ಲಿ ಹೊಗೆಸೊಪ್ಪಿನ ಹುಳು ಆರಿಸುವ, ಕುಡಿ ಚಿವುಟುವ ಕೆಲಸಗಳೂ ಅದೇ ಕೈಗಳನ್ನು ಬೇಡುತ್ತಿದ್ದುವು. ಅನಂತರ ನೀರಿನಲ್ಲಿ ಕೊಳೆತು ನಾರುವ ಕಟ್ಟುಗಳನ್ನು ಎತ್ತಿ ಒಣಗಿಸಿ, ಕಾಂಡವನ್ನು ಬಡಿದು ನಾರು ಬಿಡಿಸಬೇಕು. ಪುಂಡಿಯನ್ನೋ ಸೆಣಬನ್ನೋ ಕೆರೆಯ ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುವುದನ್ನು ಕಂಡ ನಮ್ಮ ವಿದ್ಯಾರ್ಥಿಗಳಿಗೆ ಆ ದುಡಿಮೆಯ ವಾಸನೆಯನ್ನೂ ಭಾರವನ್ನೂ ವಿವರಿಸಬೇಕಾಗಿಲ್ಲ. ಕಾಗದದಲ್ಲಿ ‘ನನಗೆ ಅನುಭವವಿಲ್ಲ’ ಎಂದು ಒಡೆಯನು ಬರೆದನು. ಆ ಅನುಭವವನ್ನು ಮೊದಲು ಸಂಪಾದಿಸಿದವರು ಮಡ್ಡಿ ಹೋಲಿನ ಕೆಲಸಗಾರರು. ನವಗಾಂವದ ಪೋದ್ದಾರನ ಕೌಶಲಕ್ಕೆ ಕೂಲಿಯಿತ್ತು, ವರದಿಗಳಲ್ಲಿ ಒಂದು ಹೆಸರೂ ಇತ್ತು. ಮೌಂಟ್ ವರ್ನನ್ನಿನ ಪರೀಕ್ಷಕರಿಗೆ ಎರಡೂ ಇರಲಿಲ್ಲ. ಜನಪ್ರಿಯ ಬರಹಗಳು ಈ ನಮೂದಿನಲ್ಲಿ ಇ‌ಲ್ಲದ ಗಾಂಜಾವನ್ನು ಹುಡುಕುತ್ತ, ಇದ್ದ ಮನುಷ್ಯರನ್ನು ಕಾಣದೆ ಹೋದುವು.

೯

ಈ ಪ್ರಯೋಗದ ಮುಂದಿನ ಕಥೆ ಚಿಕ್ಕದು. ಲಂಡನ್ನಿಗೆ ಟನ್ನುಗಟ್ಟಲೆ ನಾರು ಕಳುಹಿಸುವ ಯೋಜನೆ ಫಲಿಸಲಿಲ್ಲ. ೧೭೬೦ರ ದಶಕ ಮುಗಿಯುವುದರೊಳಗೆ ಮೌಂಟ್ ವರ್ನನ್ನಿನಲ್ಲಿ ಹೊಗೆಸೊಪ್ಪಿನ ಸ್ಥಾನಕ್ಕೆ ಬಂದುದು ಗೋಧಿ. ಭಂಗಿಯು ಮನೆಬಳಕೆಯ ಹಗ್ಗ, ಚೀಲ ಹೊಲಿಯುವ ದಾರ, ಒರಟು ಬಟ್ಟೆ, ಪೊಟೊಮ್ಯಾಕ್ ನದಿಯ ಮೀನುಬಲೆಗಳ ದುರಸ್ತಿ ಇವುಗಳಿಗಾಗಿ ಸಣ್ಣ ಪ್ರಮಾಣದಲ್ಲಿ ಉಳಿಯಿತು. ಇಪ್ಪತ್ತನೆಯ ಶತಮಾನದ ಕಾನೂನುಗಳು ನಾರಿನ ಭಂಗಿಯನ್ನೂ ಮಾದಕ ಭಂಗಿಯನ್ನೂ ಎಷ್ಟೋ ಕಡೆ ಒಂದೇ ಕಟ್ಟಿನಲ್ಲಿ ಬಿಗಿದುವು. ಆದರೂ ೧೯೬೧ರ ಅಂತರರಾಷ್ಟ್ರೀಯ ಒಪ್ಪಂದವು ನಾರು ಮತ್ತು ಬೀಜಗಳಿಗಾಗಿ ನಡೆಯುವ ಬೇಸಾಯವನ್ನು ತನ್ನ ಹತೋಟಿಯಿಂದ ಹೊರಗಿಟ್ಟಿತು. ನಮ್ಮ ದೇಶದ ೧೯೮೫ರ ಕಾಯಿದೆಯೂ ‘ಗಾಂಜಾ’ ಎಂಬುದನ್ನು ಗಿಡದ ಹೂತೆನೆ, ಕಾಯಿತೆನೆಗಳಿಗೆ ಸೀಮಿತಗೊಳಿಸಿ ವಿವರಿಸಿದೆ. ಅಮೆರಿಕದಲ್ಲಿ ನಾರಿನ ಭಂಗಿಯ ಮೇಲಿದ್ದ ನಿರ್ಬಂಧವನ್ನು ೨೦೧೮ರಲ್ಲಿ ತೆಗೆಯಲಾಯಿತು; ಅದೇ ವರ್ಷ, ಈಗ ಸ್ಮಾರಕವಾಗಿರುವ ಮೌಂಟ್ ವರ್ನನ್ನಿನಲ್ಲಿಯೂ ಆ ಬೆಳೆಯನ್ನು ಮತ್ತೆ ಬಿತ್ತಿ ಕೊಯ್ದರು.

ಒಟ್ಟಿನಲ್ಲಿ ಹೇಳುವುದಾದರೆ, ೧೭೬೫ರ ಆಗಸ್ಟ್ ೭ರ ನಮೂದು ಹೊಗೆಸೊಪ್ಪಿನ ಸಾಲದಿಂದ ಪಾರಾಗಲು ಹೊಸ ಬೆಳೆಗೆ ಕೈಹಾಕಿದ ಜಮೀನುದಾರನೊಬ್ಬನ ನಾರಿನ ಬೇಸಾಯದ ದಾಖಲೆ. ಅದನ್ನು ಹಾಗೆಂದು ನಿರ್ಧರಿಸುವುದಕ್ಕೆ ನಮಗೆ ಒದಗಿದುದು ಯಾವುದೋ ಗುಪ್ತವಾದ ಹೊಸ ಪತ್ರವಲ್ಲ. ಗಿಡದ ಸ್ವಭಾವ, ಆ ಕಾಲದ ಬೇಸಾಯದ ಪರಿಭಾಷೆ, ಪಕ್ಕದ ದಿನಗಳ ನಮೂದುಗಳು, ಒಂದು ಕಾಯಿದೆ, ಒಂದು ವ್ಯಾಪಾರದ ಕಾಗದ. ನಮ್ಮ ನಾಡಿನ ಕಡತಗಳಲ್ಲಿಯೂ ಗ್ರಾಮಲೆಕ್ಕಗಳಲ್ಲಿಯೂ ಬೆಳೆ, ಗೊಬ್ಬರ, ಕೂಲಿಗಳನ್ನು ಕುರಿತ ಇಂಥ ಒಂಟಿ ಸಾಲುಗಳು ಹೇರಳವಾಗಿ ಬಿದ್ದಿವೆ. ಅವುಗಳನ್ನು ಓದುವ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಸದಾ ಕೇಳಿಕೊಳ್ಳುವುದು ಉಚಿತ: ಈ ಕೆಲಸವನ್ನು ಆ ಕಾಲದ ಬೇಸಾಯಗಾರನು ಏತಕ್ಕಾಗಿ ಮಾಡುತ್ತಿದ್ದನು? ಮತ್ತು, ಸಾಲನ್ನು ಬರೆದವನಲ್ಲದೆ, ಕೆಲಸವನ್ನು ಮಾಡಿದವರು ಯಾರು? ಮೊದಲನೆಯ ಪ್ರಶ್ನೆಗೆ ಹೊಲವನ್ನು ಬಲ್ಲವರಿಂದ ಉತ್ತರ ದೊರೆಯುತ್ತದೆ. ಎರಡನೆಯದನ್ನು ಕೇಳದಿದ್ದರೆ ಉತ್ತರ ಎಲ್ಲಿಂದಲೂ ದೊರೆಯದು.